ಕೆಂಡಪ್ಪನ ಬೂದಿ ಹೊದಿಕೆ

ಎಲ್ಲರಿಗೂ ಹೊರಗೆ ಹೇಳಿಕೊಳ್ಳಲಾಗದ ಚಟ ಒಂದಾದರೂ ಇರುತ್ತದೆ. ನಮ್ಮ ಆಫೀಸಿನ ಹೆಡ್ ಕ್ಲರ್ಕು ಯಾರೂ ಇಲ್ಲದಾಗ ಮೇಜಿನ ಡ್ರಾಯರಿನಿಂದ ಬೆಲ್ಲ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಾರೆ. ಅವರ ಸಕ್ಕರೆ ಕಾಯಿಲೆಯ ಮಾತ್ರೆಯೂ ಅದೇ ಡ್ರಾಯರಿನಲ್ಲಿ ಇರುತ್ತದೆ. ನನ್ನ ಚಟ ಅದಕ್ಕಿಂತ ನಾಚಿಕೆಗೇಡಿನದು. ಸೇಲಂನ ಒಂದು ಸರ್ಕಾರಿ ಆಫೀಸಿನಲ್ಲಿ ಟಪಾಲು ನೋಡಿಕೊಳ್ಳುವ, ನಲವತ್ತೊಂಬತ್ತು ವರ್ಷದ, ಮಂಡಿ ನೋವಿನ ಹೆಂಗಸಾದ ನಾನು ಮೊಬೈಲಿನಲ್ಲಿ ಬೆಂಕಿ ಉಗುಳುವ ಮುಂಗುಸಿಯೊಂದನ್ನು ಸಾಕಿದ್ದೇನೆ. ಹೆಸರು ಕೆಂಡಪ್ಪ. ಬಾಲದ ತುದಿಯಲ್ಲಿ ಸದಾ ಒಂದು ಕೆಂಡ ಉರಿಯುತ್ತಿರುತ್ತದೆ. ನನ್ನ ವಯಸ್ಸಿನವರು ನಮ್ಮ ಬೀದಿಯಲ್ಲಿ ತುಳಸಿ ಗಿಡ ಬೆಳೆಸುತ್ತಾರೆ, ಮೊಮ್ಮಕ್ಕಳನ್ನು ಬೆಳೆಸುತ್ತಾರೆ, ಏನೂ ಇಲ್ಲದವರು ಬಿ.ಪಿ. ಬೆಳೆಸುತ್ತಾರೆ. ನಾನು ಮಾತ್ರ ಕೆಂಡಪ್ಪನ ಪೂರ್ತಿ ಶಕ್ತಿ ಎಷ್ಟು, ಎಷ್ಟು ಏಟು ತಾಳಬಲ್ಲ ಎಂದು ಹಳೆಯ ಡೈರಿಯ ಹಿಂದಿನ ಹಾಳೆಗಳಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಇದಕ್ಕೆಲ್ಲ ಕಾರಣ ನನ್ನ ಮಗಳು ಭುವನಾ. ಅವಳು ನಾಮಕ್ಕಲ್‌ನಲ್ಲಿ ದನದ ಡಾಕ್ಟರಿಕೆ ಓದುತ್ತಾಳೆ, ಹಾಸ್ಟೆಲಿನಲ್ಲಿದ್ದಾಳೆ. ನಾಮಕ್ಕಲ್ ಏನು ಸಮುದ್ರದ ಆಚೆ ಇಲ್ಲ, ಬಸ್ಸು ಹತ್ತಿ ಕೂತರೆ ಕಡಲೆಕಾಯಿ ಪೊಟ್ಟಣ ಖಾಲಿಯಾಗುವಷ್ಟರಲ್ಲಿ ಬರುತ್ತದೆ. ಆದರೆ ಹತ್ತಿರ ಇರುವವರೇ ಬರುವುದು ಕಡಿಮೆ. ಈ ವಾರ ಪರೀಕ್ಷೆ, ಆ ವಾರ ಕುರಿಗಳಿಗೆ ಸೂಜಿ, ಮುಂದಿನ ವಾರ ರೂಮ್‌ಮೇಟಿನ ಅಕ್ಕನ ಮದುವೆ. ಭಾನುವಾರ ನಾಲ್ಕು ಗಂಟೆಗೆ ಫೋನು ಮಾತ್ರ ತಪ್ಪದೆ ಮಾಡುತ್ತಿದ್ದಳು. ಆ ಫೋನಾದರೂ ಎಂಥದು? ನಾನು ಊಟ ಆಯ್ತಾ ಅಂತ ಕೇಳುವುದು, ಅವಳು ತಮಿಳಿನಲ್ಲಿ "ಸಾಪ್ಟೇನ್ ಮಾ" ಅನ್ನುವುದು. ತಲೆಗೆ ಎಣ್ಣೆ ಹಾಕಿಕೊಂಡೆಯಾ ಅಂತ ಕೇಳುವುದು, ಅವಳು "ಉಂ" ಅನ್ನುವುದು. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಉಸಿರಾಡುವುದು. ಕೊನೆಗೆ ಅವಳು, "ಸರಿ ಮಾ, ವೆಚ್ಚಿಡ್ರೇನ್" ಅಂತ ಇಟ್ಟುಬಿಡುವುದು. ವಾರವೆಲ್ಲ ಕಾದದ್ದು ಒಂದೂವರೆ ನಿಮಿಷಕ್ಕೆ ಮುಗಿದುಹೋಗುತ್ತಿತ್ತು. ನಾನು ಆ ಫೋನು ಹಿಡಿದುಕೊಂಡು ಅಡುಗೆಮನೆ ಹೊಸ್ತಿಲ ಮೇಲೆ ಇನ್ನೂ ಅರ್ಧ ಗಂಟೆ ಕೂತಿರುತ್ತಿದ್ದೆ.

ನಮ್ಮ ಮಾತಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾವು ಅಮ್ಮಾಪೇಟೆಯ ಮಗ್ಗದ ಮನೆಯವರು. ನಮ್ಮ ಮನೆಗಳಲ್ಲಿ ಕನ್ನಡ ಎನ್ನುವುದು ಅಡುಗೆಮನೆಯಿಂದ ತಲೆಬಾಗಿಲವರೆಗಿನ ಮಾತು. ಬಾಗಿಲು ದಾಟಿ ಚಪ್ಪಲಿ ಮೆಟ್ಟಿದೆವೆಂದರೆ ತಮಿಳು. ನಾನು ಕನ್ನಡ ಅಕ್ಷರ ಕಲಿತದ್ದೇ ಮದುವೆಯಾದ ಮೇಲೆ, ಬೆಂಗಳೂರಿನ ಚಿಕ್ಕಮ್ಮನ ಮಕ್ಕಳ ಒಂದನೇ ಕ್ಲಾಸಿನ ಪುಸ್ತಕ ಇಟ್ಟುಕೊಂಡು. ಭುವನಾ ಹತ್ತನೇ ಕ್ಲಾಸಿನವರೆಗೂ ನನ್ನ ಜೊತೆ ಕನ್ನಡದಲ್ಲೇ ಜಗಳ ಆಡುತ್ತಿದ್ದಳು. ಆಮೇಲೆ ಜಗಳವೂ ತಮಿಳಿಗೆ ಹೋಯಿತು. ಹಾಸ್ಟೆಲಿಗೆ ಹೋದ ಮೇಲಂತೂ ಅವಳ ಬಾಯಿಂದ ನಮ್ಮ ಮಾತು ಕೇಳಿದ್ದೇ ಅಪರೂಪ. ಇದು ಯಾರ ತಪ್ಪೂ ಅಲ್ಲ ಅಂತ ನನಗೆ ಗೊತ್ತು, ಆದರೂ ಫೋನಿಟ್ಟ ಮೇಲೆ ಅವಳ ಹಳೆಯ ಕನ್ನಡದ ಜಗಳಗಳನ್ನು ನೆನೆಸಿಕೊಳ್ಳುತ್ತಿದ್ದೆ.

ಒಂದು ಭಾನುವಾರ ಅವಳಿಗೆ ಏನನ್ನಿಸಿತೋ, ಹಾಸ್ಟೆಲಿನಲ್ಲಿ ಎಲ್ಲರೂ ಆಡುತ್ತಾರೆ, ನೀನೂ ಈ ಆಟ ಇಳಿಸಿಕೋ ಅಂದಳು. ಇಳಿಸಿಕೊಂಡೆ. ಇಬ್ಬರೂ ಒಂದೊಂದು ಪ್ರಾಣಿ ಕಣಕ್ಕೆ ಬಿಡುವುದು, ಒಬ್ಬರಾದ ಮೇಲೊಬ್ಬರು ಸರದಿಯಲ್ಲಿ ಹೊಡೆಯುವುದು. ಪ್ರಾಣಿಯ ತಲೆಯ ಮೇಲೆ ಹಸಿರು ಪಟ್ಟಿ ಇರುತ್ತದೆ, ಅದೇ ಅದರ ಜೀವ, ಪಟ್ಟಿ ಖಾಲಿಯಾದರೆ ಆಟ ಮುಗಿಯಿತು. ನೀರಿನ ಜಾತಿಯವು ಬೆಂಕಿಯ ಜಾತಿಯವನ್ನು ಆರಿಸುತ್ತವೆ, ಬೆಂಕಿಯವು ಗಿಡದ ಜಾತಿಯವನ್ನು ಸುಡುತ್ತವೆ, ಗಿಡದವು ನೀರಿನವನ್ನು ಹೀರಿಕೊಳ್ಳುತ್ತವೆ. ಇಷ್ಟು ತಿಳಿಯುವುದಕ್ಕೆ ಮೊಬೈಲೇ ಬೇಕಾಗಿಲ್ಲ, ಒಲೆ ಮುಂದೆ ನಿಂತವರಿಗೆಲ್ಲ ಗೊತ್ತು. ಭುವನಾಳದು ನೀರಿನ ಜಾತಿಯ ಒಂದು ದೊಡ್ಡ ಎಮ್ಮೆ. ಮೆಟ್ಟೂರಿನ ನೆನಪಿಗೆ ಅದಕ್ಕೆ ಡ್ಯಾಮು ಅಂತ ಹೆಸರಿಟ್ಟಿದ್ದಳು. ನನಗೆ ಗಿಡದ ಜಾತಿಯದು ತಗೋ, ಗೆಲ್ಲಬಹುದು ಅಂದಳು. ಬೆಂಕಿಯ ಸಾಲಿನಲ್ಲಿದ್ದ ಮುಂಗುಸಿ ಯಾಕೋ ನನ್ನನ್ನೇ ನೋಡಿದಂತಾಯಿತು, ಅದನ್ನೇ ಆರಿಸಿಕೊಂಡೆ. ಎದುರಾಳಿ ನೀರು ಅಂತ ಗೊತ್ತಿದ್ದೂ ಬೆಂಕಿ ತೆಗೆದುಕೊಂಡವಳು ನಾನು, ಅಲ್ಲಿಗೇ ನನ್ನ ಬುದ್ಧಿ ಎಷ್ಟೆಂದು ನಿಮಗೆ ಅರ್ಥವಾಗಿರಬೇಕು.

ನಮ್ಮ ಮನೆಯವರು ಮೆಟ್ಟೂರಿನಲ್ಲಿ ಕರೆಂಟು ತೆಗೆಯುವ ಕಡೆ ಬಾಯ್ಲರು ನೋಡಿಕೊಳ್ಳುತ್ತಾರೆ, ಮೂವತ್ತು ವರ್ಷದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಾರೆ. ನನ್ನ ಮುಂಗುಸಿಯನ್ನು ನೋಡಿ, "ಬೆಂಕಿ ಕೆಲ್ಸ ಮಾಡೋನು ನಾನು, ಹೆಸ್ರು ತಗಳ್ಳೋಳು ನೀನು" ಅಂದು ಟವಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದರು. ಅವರ ಕಡೆಯಿಂದ ಅದು ಆಶೀರ್ವಾದ ಎಂದೇ ನಾನು ತಿಳಿದುಕೊಂಡೆ.

ಆಡಲು ಕೂತಾಗ ಒಂದು ವಿಚಿತ್ರ ಆಯಿತು. ಬರೀ ಫೋನಿನಲ್ಲಿ ಉಸಿರಾಡುತ್ತಿದ್ದ ಹುಡುಗಿ, ಕೈಗೊಂದು ಕೆಲಸ ಸಿಕ್ಕ ಕೂಡಲೇ ಮಾತಾಡತೊಡಗಿದಳು. ನಾನು ಯಾವ ಗುಂಡಿ ಒತ್ತಲಿ ಅಂತ ತಡಕಾಡುತ್ತಿರುವಾಗ ಅವಳು ಸುಮ್ಮನಿರಲಾರದೆ ಹಾಸ್ಟೆಲಿನ ಸಾಂಬಾರಿನ ಕಥೆ ಹೇಳಿದಳು. ಮೊದಲ ಸಲ ಹಸುವಿನ ಹೆರಿಗೆಗೆ ಭುಜದ ತನಕ ಕೈ ಹಾಕಿದ್ದು, ಕರು ಹೊರಗೆ ಬಂದು ಸೀನಿದಾಗ ತಾನು ಅತ್ತುಬಿಟ್ಟದ್ದು, ಅದನ್ನು ಯಾರೂ ನೋಡಬಾರದೆಂದು ಬಕೆಟ್ಟು ತರುವ ನೆಪದಲ್ಲಿ ಓಡಿದ್ದು ಎಲ್ಲ ಹೇಳಿದಳು. ಅಷ್ಟರಲ್ಲಿ ನಾನು, ಬೆಂಕಿ ಅಂದ ಮೇಲೆ ಉರಿಯಬೇಕಲ್ಲ ಅಂತ, ಇದ್ದ ಬೆಂಕಿಯನ್ನೆಲ್ಲ ಒಂದೇ ಸಲಕ್ಕೆ ಡ್ಯಾಮಿನ ಮೇಲೆ ಉಗುಳಿಸಿಬಿಟ್ಟೆ. ಎಮ್ಮೆಗೆ ಬಿಸಿನೀರು ಸ್ನಾನ ಮಾಡಿಸಿದ ಹಾಗಾಯಿತು. ಅದು ತಿರುಗಿ ಎರಡು ಸಲ ನೀರು ಎರಚಿತು, ಕೆಂಡಪ್ಪ ಮಗುಚಿಕೊಂಡ. "ಸರಿ ಮಾ, ವೆಚ್ಚಿಡ್ರೇನ್." ಕರುವಿಗೆ ಏನು ಹೆಸರಿಟ್ಟರು ಅಂತ ಕೇಳುವುದು ಬಾಕಿಯೇ ಉಳಿಯಿತು.

ಆ ಸಂಜೆ ಹೊಸ್ತಿಲ ಮೇಲೆ ಕೂತು ನಾನೊಂದು ಲೆಕ್ಕಕ್ಕೆ ಬಂದೆ. ಆಟ ಇರುವಷ್ಟು ಹೊತ್ತು ಮಗಳು ಇರುತ್ತಾಳೆ. ಹಾಗಾದರೆ ನಾನು ಗೆಲ್ಲಬೇಕಾಗಿಲ್ಲ, ಬೇಗ ಸೋಲದಿದ್ದರೆ ಸಾಕು. ಅಂದಿನಿಂದ ಯುದ್ಧಶಾಸ್ತ್ರದ ಓದು ಶುರುವಾಯಿತು. ಈ ಆಟ ಬಲ್ಲವರು ಬೆಂಕಿಯ ಪ್ರಾಣಿಗೆ ಹೇಳುವುದು ಒಂದೇ ಮಾತು: ಮೊದಲು ಹೊಡಿ, ಜೋರಾಗಿ ಹೊಡಿ, ಹೊಡೆದು ಸಾಯಿ. ನನಗೆ ಬೇಕಾದದ್ದು ಅದರ ತಿರುವುಮುರುವು. ಹುಡುಕುತ್ತಾ ಹೋದಾಗ ಯಾರೂ ಮೂಸಿಯೂ ನೋಡದ ಒಂದು ವರಸೆ ಸಿಕ್ಕಿತು, ಹೆಸರು ಬೂದಿ ಹೊದಿಕೆ. ಮುಂಗುಸಿ ತನ್ನ ಮೇಲೆ ತಾನೇ ಬೂದಿ ಎಳೆದುಕೊಂಡು ಮುದುಡಿ ಕೂರುತ್ತದೆ, ಆ ಸರದಿಯಲ್ಲಿ ಹೊಡೆಯುವುದಿಲ್ಲ. ಬಿದ್ದ ಏಟು ಅರ್ಧಕ್ಕರ್ಧ ಇಳಿಯುತ್ತದೆ, ಜೀವದ ಪಟ್ಟಿ ಒಂದು ಚೂರು ಹಸಿರಾಗುತ್ತದೆ. ಅದನ್ನು ನೋಡಿದ ಕೂಡಲೇ ನನಗೆ ಕೊಳತ್ತೂರಿನ ನಮ್ಮಜ್ಜಿ ಕಣ್ಣಿಗೆ ಬಂದಳು. ಅಡುಗೆ ಮುಗಿದ ಮೇಲೆ ಅಜ್ಜಿ ಒಲೆಯ ಕೆಂಡಗಳನ್ನು ಒಟ್ಟುಮಾಡಿ ಮೇಲೆ ಬೂದಿ ಮುಚ್ಚಿಡುತ್ತಿದ್ದಳು. ಬೆಳಿಗ್ಗೆ ಕೆದಕಿ ಎರಡು ಸಲ ಊದಿದರೆ ಬೆಂಕಿ. ಆ ಮನೆಯಲ್ಲಿ ಬೆಂಕಿಪೆಟ್ಟಿಗೆ ಬೀಡಿ ಸೇದುವವರಿಗೆ ಮಾತ್ರ. ಅಜ್ಜಿಯ ವಿದ್ಯೆ ನನಗೆ ಎಮ್ಮೆಯ ಎದುರು ಉಪಯೋಗಕ್ಕೆ ಬರುತ್ತದೆ ಅಂತ ಯಾರು ಕಂಡಿದ್ದರು.

ನನ್ನ ವ್ಯೂಹ ಹೀಗೆ. ಮೊದಲ ಸರದಿಯಲ್ಲಿ ಡ್ಯಾಮಿನ ಬಾಲಕ್ಕೆ ಒಂದು ಸಣ್ಣ ಸುಟ್ಟ ಗಾಯ ಮಾಡುವುದು. ಆ ಗಾಯ ಇರುವವರೆಗೆ ಎಮ್ಮೆಯ ಏಟಿನ ಬಿರುಸು ಕಡಿಮೆ. ಆಮೇಲೆ ಬೂದಿ. ಮತ್ತೆ ಬೂದಿ. ಕಣದಲ್ಲಿ ಬಿಸಿಲು ಬಂದಾಗ ಮೈ ಕಾಯಿಸಿಕೊಳ್ಳುವುದು. ಮತ್ತೆ ಬೂದಿ. ಮಧ್ಯೆ ಮಧ್ಯೆ ಕನ್ನಡಕ ಒರೆಸುವುದು, ಹಾಲು ಉಕ್ಕಿತು ಅಂತ ಎದ್ದು ಹೋಗುವುದು, ಇವೆಲ್ಲ ಆಟದ ಪುಸ್ತಕದಲ್ಲಿಲ್ಲದ ನನ್ನ ಸ್ವಂತ ವರಸೆಗಳು. ಎರಡು ನಿಮಿಷದ ಆಟ ಹತ್ತಾಯಿತು, ಇಪ್ಪತ್ತಾಯಿತು, ಒಂದು ಭಾನುವಾರ ಮುಕ್ಕಾಲು ಗಂಟೆ ಮುಟ್ಟಿತು. ಎಂಟು ತಿಂಗಳಲ್ಲಿ ನಾನು ಒಂದು ಸಲವೂ ಗೆದ್ದಿಲ್ಲ. ಆದರೆ ಕರುವಿನ ಹೆಸರು ಗೊತ್ತಾಯಿತು, ಅದು ಹಾಲು ಬಿಟ್ಟದ್ದು ಗೊತ್ತಾಯಿತು, ರೂಮ್‌ಮೇಟು ರಾತ್ರಿ ಹಲ್ಲು ಕಡಿಯುವುದೂ ಗೊತ್ತಾಯಿತು. ಎಲ್ಲವೂ ತಮಿಳಿನಲ್ಲೇ. ಇರಲಿ, ಅಷ್ಟಾದರೂ ಸಿಕ್ಕಿತಲ್ಲ ಅಂತ ನಾನು ಬೂದಿಯೊಳಗೆ ಮುದುಡಿಕೊಂಡು ಸುಖವಾಗಿದ್ದೆ.

ಹೀಗಿರುವಾಗ ಸೇಲಂನಲ್ಲಿ ಈ ಆಟದ ಜೋಡಿ ಪಂದ್ಯ ಇಟ್ಟರು. ಒಂದು ಕಡೆ ಇಬ್ಬರು, ಎರಡು ಪ್ರಾಣಿ. ಭುವನಾಳ ಜೊತೆ ಆಡಬೇಕಾಗಿದ್ದ ರೂಮ್‌ಮೇಟಿಗೆ ಅಮ್ಮ ಆಗಿಬಿಟ್ಟಿತು, ಅಂದರೆ ಸಿಡುಬಿನ ತಂಗಿಯಂಥ ಆ ಗುಳ್ಳೆ ಜ್ವರ. ಬೇರೆ ಯಾರೂ ಸಿಗದೆ ಮಗಳು ನನ್ನನ್ನು ಕರೆದಳು. ಭಾನುವಾರ ಮೊದಲ ಸುತ್ತುಗಳು, ಗೆದ್ದವರಿಗೆ ಅದರ ಮುಂದಿನ ಭಾನುವಾರ ಫೈನಲು, ಅದೂ ಸೇಲಂನಲ್ಲೇ. ಗೆದ್ದರೆ ಎರಡು ವಾರವೂ ಮನೆಗೆ ಬರುತ್ತೇನೆ ಅಂತ ತಮಿಳಿನಲ್ಲಿ ಅಂದಳು. ಸೋತರೆ? ಮುಂದೆ ಪರೀಕ್ಷೆ ಇತ್ತು. ಆಮೇಲೆ ಹಳ್ಳಿಗಳಲ್ಲಿ ಕ್ಯಾಂಪು. ಪೊಂಗಲ್ಲಿಗೇ ಬರುವುದು. ಪಂದ್ಯದ ಬಹುಮಾನ ಏನು ಅಂತ ನಾನು ಕೇಳಲಿಲ್ಲ, ನನ್ನ ಬಹುಮಾನ ನನಗೆ ಗೊತ್ತಿತ್ತು.

ಜೋಡಿ ಪಂದ್ಯದಲ್ಲಿ ಒಂದು ಕಷ್ಟ ಇದೆ. ಇಬ್ಬರೂ ಮಾತಾಡಿಕೊಂಡೇ ಆಡಬೇಕು, ಎದುರಾಳಿಗಳು ಮೊಳ ದೂರದಲ್ಲಿ ಕೂತಿರುತ್ತಾರೆ. ತಮಿಳಿನಲ್ಲಿ ಹೇಳಿದರೂ ಇಂಗ್ಲಿಷಿನಲ್ಲಿ ಹೇಳಿದರೂ ಅವರಿಗೆ ಗೊತ್ತಾಗುತ್ತದೆ. ಆಗ ನನ್ನ ಮಗಳು ಹೇಳಿದ ಮಾತು ಕೇಳಿ ನಾನು ಅಡುಗೆಮನೆಯಲ್ಲಿ ಒಲೆ ಆರಿಸಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಅಮ್ಮಾ, ನಮ್ ಮಾತಲ್ಲೇ ಆಡಾಣ. ಅದು ಯಾರಿಗ್ ಗೊತ್ತಾಯ್ತದೆ?"

ಆ ವಾರ ದಿನಾ ಸಂಜೆ ಫೋನು ಬಂತು. ಎಡಗಡೆದು, ಬಲಗಡೆದು, ತಡಿ, ಬಿಡು, ಮುಚ್ಕೋ, ಉಗುಳು ಅಂತ ನಾನು ಹೇಳಿಕೊಡುವುದು, ಅವಳು ಒಪ್ಪಿಸುವುದು. ಮೊದಲೆರಡು ದಿನ ಪಾಠದ ಹಾಗೆ ಇತ್ತು. ಮೂರನೇ ದಿನ ಪಾಠ ಮುಗಿದ ಮೇಲೂ ಅವಳು ಕನ್ನಡದಲ್ಲೇ ಬೈದುಕೊಂಡು ಮಾತಾಡಿದಳು. ಅವಳ ಪ್ರೊಫೆಸರನ್ನು ಅವಳ ಅಜ್ಜಿ ಬೈಯುತ್ತಿದ್ದ ಬೈಗುಳದಲ್ಲೇ ಬೈದಳು. ಮನೆಯವರು ಡ್ಯೂಟಿಯಿಂದ ಬಂದವರು ಶರ್ಟಿನ ಗುಂಡಿ ಬಿಚ್ಚುತ್ತಾ ಹಾಗೇ ನಿಂತು ಕೇಳಿಸಿಕೊಂಡರು. ನನ್ನ ಜೀವನದಲ್ಲಿ ಅಷ್ಟು ಸಂತೋಷದ ವಾರ ಕಡಿಮೆ.

ಪಂದ್ಯ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನದ ಮದುವೆಯ ಹೂವಿನ ಅಲಂಕಾರ ಇನ್ನೂ ಬಿಚ್ಚಿರಲಿಲ್ಲ. ಕುರ್ಚಿ ಸಾಲದೆ ನಮ್ಮಿಬ್ಬರನ್ನು ಮದುಮಕ್ಕಳ ಕೆಂಪು ಮೆತ್ತೆಯ ಕುರ್ಚಿಗಳ ಮೇಲೆ ಕೂರಿಸಿದರು. ಸೇಲಂನ ಅರ್ಧ ಕಾಲೇಜು ಹುಡುಗರು ನೋಡುತ್ತಿರುವಾಗ, ನಾನು ರೇಷ್ಮೆ ಸೀರೆ ಉಟ್ಟು, ವಧುವಿನ ಜಾಗದಲ್ಲಿ ಕೂತು ಮುಂಗುಸಿ ಆಡಿಸಿದೆ. ಮೊದಲ ಎರಡು ಸುತ್ತುಗಳ ಎದುರಾಳಿಗಳು ನಮ್ಮ ಕನ್ನಡ ಕೇಳಿ ಪಿಳಿಪಿಳಿ ಕಣ್ಣು ಬಿಟ್ಟರು. ನಾನು ಮುಚ್ಕೋತೀನಿ ಅನ್ನುವುದು, ಭುವನಾ ಸುರೀತೀನಿ ಅನ್ನುವುದು, ಅವರು ತಿಳಿಯದೆ ಹೊಡೆದು ಕೆಡುವುದು. ಎರಡೂ ಸುತ್ತು ಗೆದ್ದೆವು. ಇನ್ನು ಒಂದೇ ಸುತ್ತು, ಅದು ಗೆದ್ದರೆ ಮುಂದಿನ ಭಾನುವಾರ ನನ್ನದು.

ಮೂರನೆಯದಕ್ಕೆ ಬಂದವರು ಒಬ್ಬ ಕಾಲೇಜು ಹುಡುಗಿ, ಅವಳ ಸೋದರಮಾವ. ಮಾವನಿಗೆ ಐವತ್ತರ ಮೇಲೆ. ಬಿಳಿ ಪಂಚೆ, ಹೆಗಲ ಮೇಲೆ ಹಸಿರು ಟವಲು. ಹುಡುಗಿಯದು ಬಂಡೆಯ ಜಾತಿಯ ಮೇಕೆ, ಮಾವನದು ಗಿಡದ ಜಾತಿಯ ಒಂದು ಕತ್ತಾಳೆ. ತಮಿಳಿನಲ್ಲಿ ವಣಕ್ಕಂ ಹೇಳಿ ಕೂತರು, ಆಮೇಲೆ ಇಬ್ಬರೂ ಬಾಯಿ ಬಿಡಲಿಲ್ಲ. ಇಪ್ಪತ್ತು ನಿಮಿಷದ ಆಟ, ಹೊತ್ತು ಮುಗಿದಾಗ ಯಾರ ಜೀವದ ಪಟ್ಟಿ ಉದ್ದವೋ ಅವರು ಗೆದ್ದಂತೆ. ನಮ್ಮ ಗ್ರಹಚಾರ ಅಂದುಕೊಂಡೆ, ಏನು ಮಾಡಿದರೂ ಆಗುತ್ತಿಲ್ಲ. ಭುವನಾ ಮೇಕೆಗೆ ಸುರೀತೀನಿ ಅಂದರೆ ಮೇಕೆ ಆಗಲೇ ಗುರಾಣಿ ಹಿಡಿದಿರುತ್ತದೆ. ನಾನು ಕತ್ತಾಳೆ ಕಡೆ ಉಗುಳುತ್ತೀನಿ ಅಂದರೆ ಕತ್ತಾಳೆ ನೆಲಕ್ಕೆ ಇಳಿದಿರುತ್ತದೆ. ಹೇಗೋ ಮಾಡಿ ಮೇಕೆಯನ್ನು ಬೀಳಿಸಿದೆವು, ನಮ್ಮ ಡ್ಯಾಮೂ ಬಿದ್ದಳು. ಉಳಿದದ್ದು ಕೆಂಡಪ್ಪ ಮತ್ತು ಕತ್ತಾಳೆ. ಕತ್ತಾಳೆಗೆ ಬೆರಳಗಲ ಜೀವ, ಕೆಂಡಪ್ಪನಿಗೆ ಅದಕ್ಕಿಂತ ಒಂದು ಎಳೆ ಕಡಿಮೆ. ಹೊತ್ತು ಮುಗಿಯಲು ಒಂದೇ ಸರದಿ, ಅದೂ ನನ್ನದು. ಬೆಂಕಿ ಕತ್ತಾಳೆಯನ್ನು ಸುಡುತ್ತದೆ ಅನ್ನುವುದು ಒಲೆ ಮುಂದೆ ನಿಂತವರಿಗೆಲ್ಲ ಗೊತ್ತು ಅಂತ ಆಗಲೇ ನಾನೇ ಬರೆದಿದ್ದೇನೆ. ಭುವನಾ ನನ್ನ ಮೊಣಕೈ ಹಿಡಿದುಕೊಂಡಳು.

"ಅಮ್ಮಾ, ಈಗ ಇರೋ ಬೆಂಕಿಯೆಲ್ಲಾ ಉಗುಳು."

ಅವಳ ಕೈ ಬಿಸಿಯಾಗಿತ್ತು. ಕೂದಲಿಗೆ ಆ ಬೆಳಿಗ್ಗೆ ನಾನೇ ಎಣ್ಣೆ ಹಚ್ಚಿದ್ದೆ, ಅದರ ವಾಸನೆ ಬರುತ್ತಿತ್ತು. ನಮ್ಮ ಮಾತಿನಲ್ಲಿ, ಅಷ್ಟು ಜನರ ಮುಂದೆ, ನನ್ನ ಮಗಳು ನನ್ನನ್ನು ಅಮ್ಮಾ ಅಂದಿದ್ದಳು. ಈ ಗುಂಡಿ ಒತ್ತಿದರೆ ಇದು ಮುಗಿಯುತ್ತದಲ್ಲ ಅಂತ ಮಾತ್ರ ನನಗೆ ಅನ್ನಿಸಿತು. ಎಂಟು ತಿಂಗಳಿಂದ ಹಾಗೆ ಅನ್ನಿಸಿದಾಗಲೆಲ್ಲ ನನ್ನ ಹೆಬ್ಬೆರಳು ಎಲ್ಲಿಗೆ ಹೋಗುತ್ತಿತ್ತೋ ಅಲ್ಲಿಗೇ ಹೋಯಿತು. ಕೆಂಡಪ್ಪ ಬೂದಿ ಎಳೆದುಕೊಂಡು ಮುದುಡಿ ಕೂತ. ಪಟ್ಟಿ ಒಂದು ಚೂರು ಹಸಿರಾಯಿತು, ಆದರೂ ಕೂದಲೆಳೆಯಷ್ಟು ಕಡಿಮೆಯೇ. ಗಂಟೆ ಹೊಡೆಯಿತು.

ಪಂಚೆಯವರು ಎದ್ದು ಬಂದು ಮೆಲ್ಲಗೆ ಕೇಳಿದರು. "ಅಕ್ಕ, ತಪ್ಪು ತಿಳ್ಕಬ್ಯಾಡಿ. ಕೂಸು, ಉಗುಳು ಅಂತ ಎಷ್ಟ್ ಚೆನ್ನಾಗ್ ಯೋಳ್ತು. ನಮ್ ಕತ್ತಾಳೆ ನೆಲಕ್ ಇಳಿಯಾಕೂ ಆಯ್ತಿರ್ಲಿಲ್ಲ. ನೀವ್ಯಾಕೆ ಮುಚ್ಕಂಡ್ಬಿಟ್ರಿ?"

ಕನ್ನಡ. ನಮ್ಮದಕ್ಕಿಂತ ಗಟ್ಟಿ ಕನ್ನಡ. ಅವರ ಊರು ಗಡಿ ಹತ್ತಿರದ ಪೆನ್ನಾಗರಂ. ಆ ಕಡೆ ಕನ್ನಡದವರು ಎಷ್ಟು ಜನ ಇದ್ದಾರೆ ಅಂತ ಈ ಜಿಲ್ಲೆಯ ಬಸ್ ಕಂಡಕ್ಟರಿಗೂ ಗೊತ್ತು; ನಮ್ಮ ಮಾತು ನಮ್ಮ ಅಡುಗೆಮನೆಯೊಳಗೆ ಮಾತ್ರ ಹುಟ್ಟಿದ್ದು ಅಂತ ತಿಳಿದ ನನಗೆ ಗೊತ್ತಿರಲಿಲ್ಲ. ಭುವನಾ ಬಾಯಿ ತೆರೆದುಕೊಂಡು ನಿಂತಳು. ಅವರು ಟವಲಿನಿಂದ ಮುಖ ಒರೆಸಿಕೊಂಡು, ಮೊದಲೇ ಹೇಳಬೇಕಿತ್ತು, ಆದರೆ ಹೇಳಿದರೆ ನೀವು ತಮಿಳಿಗೆ ಹೋಗಿಬಿಡುತ್ತೀರಿ ಅನ್ನಿಸಿತು, ಸೇಲಂನಲ್ಲಿ ನಮ್ಮ ಮಾತು ಇಷ್ಟು ಜೋರಾಗಿ ಕೇಳಿ ಎಷ್ಟೋ ಕಾಲವಾಗಿತ್ತು ಅಂದರು. ಅಂಥವರ ಮೇಲೆ ಹೇಗೆ ಕೋಪ ಮಾಡಿಕೊಳ್ಳುವುದು? ಅವರು ಕೇಳಿದ ಪ್ರಶ್ನೆಗೆ ಮಾತ್ರ ಕನ್ನಡಕ ಮಂಜಾಗಿತ್ತು ಅಂತ ಸುಳ್ಳು ಹೇಳಿದೆ.

ಭುವನಾ ಬಸ್ ಸ್ಟ್ಯಾಂಡಿನವರೆಗೂ ಬೈಯಲಿಲ್ಲ, ಅದೇ ನನಗೆ ಹೆದರಿಕೆ. ನಾಮಕ್ಕಲ್ ಬಸ್ಸು ಹತ್ತುವಾಗ ಪರವಾಗಿಲ್ಲ ಬಿಡು ಅಂದಳು. ಬಸ್ಸು ತಿರುವಿನಲ್ಲಿ ಮರೆಯಾಯಿತು. ಪೊಂಗಲ್ಲಿಗೆ ಎಷ್ಟು ವಾರ ಅಂತ ಬೆರಳು ಮಡಿಸುತ್ತಾ ಸಿಮೆಂಟು ಬೆಂಚಿನ ಮೇಲೆ ಕೂತೆ. ಒಂದು ಭಾನುವಾರವನ್ನು ಹಿಡಿದಿಟ್ಟುಕೊಳ್ಳಲು ಹೋಗಿ ಇನ್ನೊಂದನ್ನು ಕಳೆದುಕೊಂಡ ಮಹಾ ಯುದ್ಧತಂತ್ರಗಾರ್ತಿ ನಾನು. ಅಳು ಬಂತು, ಸುಮ್ಮನೆ ಅತ್ತೆ. ಬಸ್ ಸ್ಟ್ಯಾಂಡಿನಲ್ಲಿ ಅಳುವವರನ್ನು ಯಾರೂ ಏನೂ ಕೇಳುವುದಿಲ್ಲ.

ಅಷ್ಟರಲ್ಲಿ ಫೋನು ಅಲುಗಿತು. ಬಸ್ಸಿನಿಂದಲೇ ಭುವನಾ ಆಟಕ್ಕೆ ಕರೆದಿದ್ದಳು. ಕೆಂಡಪ್ಪನನ್ನು ಬಿಟ್ಟೆ. ಮೊದಲ ಸರದಿ ಅವಳದು. ಡ್ಯಾಮು ಕೊಂಬು ಎತ್ತಿದಳು, ನಾನು ಎಂದೂ ಕಾಣದ ಒಂದು ಮಹಾಪೂರ ಪರದೆ ತುಂಬಾ ನುಗ್ಗಿತು, ಕೆಂಡಪ್ಪ ಒಂದೇ ಏಟಿಗೆ ತೊಳೆದುಹೋದ. ಇದು ಯಾವಾಗ ಕಲಿತೆ ಅಂತ ಕೇಳಿದೆ. ಎರಡನೇ ವಾರದಿಂದಲೇ ಇದೆ, ನೀನು ಅಷ್ಟು ಕಷ್ಟಪಟ್ಟು ಬೂದಿ ಹೊದ್ದುಕೊಳ್ಳುವಾಗ ಹಾಕಲು ಮನಸ್ಸು ಬರಲಿಲ್ಲ ಅಂದಳು. ಹಾಗಾದರೆ ಆಟ ಮುಗಿದ ಕೂಡಲೇ ಯಾಕೆ ಫೋನು ಇಟ್ಟುಬಿಡುತ್ತಿದ್ದೆ ಅಂತ ಕೇಳಿದೆ.

"ನಿಂಗೆ ಸಾಕಾಗೈತೆ ಅನ್ಕತಿದ್ದೆ ಅಮ್ಮಾ. ಮುಗುದ್ರೆ ಇನ್ನೊಂದ್ ಆಡಾಣ ಅಂತ ನೀನು ಒಂದಿನಾನೂ ಕೇಳ್ಲಿಲ್ವಲ್ಲ."

ಎಂಟು ತಿಂಗಳು, ಒಂದು ಡೈರಿ ಪೂರ್ತಿ ಯುದ್ಧಶಾಸ್ತ್ರ, ಉಕ್ಕದ ಹಾಲನ್ನು ಉಕ್ಕಿತೆಂದು ಹೇಳಿದ್ದು ಎಷ್ಟು ಸಲವೋ. ಮುಗಿದರೆ ಇನ್ನೊಂದು ಆಡಬಹುದು ಅನ್ನುವ ಒಂದು ಮಾತು ಈ ತಲೆಗೆ ಹೊಳೆದಿರಲಿಲ್ಲ. ಬಸ್ಸಿನಲ್ಲಿದ್ದವರೆಲ್ಲ ಕೇಳುವ ಹಾಗೆ, ನಮ್ಮ ಮಾತಿನಲ್ಲೇ, ಇನ್ನೊಂದು ಆಡಾಣವಾ ಅಂತ ಅವಳೇ ಕೇಳಿದಳು. ಆಡಾಣ ಅಂದೆ. ಈ ಸಲ ಮೊದಲ ಸರದಿ ನನ್ನದು. ಇನ್ನೇನೂ ಹೆದರಿಕೆ ಇಲ್ಲ, ಇರೋ ಬೆಂಕಿಯೆಲ್ಲಾ ಉಗುಳಿಬಿಡೋಣ ಅಂತ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಗಟ್ಟಿಮನಸ್ಸು ಮಾಡಿ ಗುಂಡಿ ಒತ್ತಿದೆ. ನೋಡಿದರೆ ಕೆಂಡಪ್ಪ ಬೂದಿ ಎಳೆದುಕೊಂಡು ಕೂತಿದ್ದ.